ಬೂದಿ ಬಣ್ಣದ ಸ್ಟೀರಿಂಗಿಗೆ ಇಟ್ಟ ಕುಂಕುಮ

ಆಗ ನನಗೆ ಅರವತ್ತೊಂಬತ್ತು. ಈಗ್ಗೆ ಎಂಟು ವರ್ಷದ ಹಿಂದಿನ ಮಾತು. ಮಲೇಷ್ಯಾದ ಪಕ್ಕದ ದೇಶದಲ್ಲಿ, ಸೆಂಗ್‌ಕಾಂಗ್ ಎಂಬ ಕಡೆ ಮಗಳ ಮನೆಯಲ್ಲಿದ್ದೆ. ಮಗಳ ಮನೆ ಎನ್ನುವುದು ಬಾಯಿಮಾತು, ಅದು ಅಳಿಯನ ಮನೆ. ಅಲ್ಲಿ ನನ್ನ ಬಾಯಿ ಊಟಕ್ಕೆ ತೆರೆಯುತ್ತಿತ್ತು, ಮಿಕ್ಕಿದ್ದಕ್ಕೆ ಮುಚ್ಚಿರುತ್ತಿತ್ತು. ಅಳಿಯ ಕೆಟ್ಟವನಲ್ಲ. ನನ್ನ ಎರಡೂ ಕಣ್ಣಿನ ಪೊರೆ ತೆಗೆಸಿದವನು ಅವನೇ. ಅದರಿಂದ ಇನ್ನೂ ಕಷ್ಟ.

ಮೊಮ್ಮಗ ಅಲ್ಲೇ ಬೆಳೆದವನು. ಓದಿದ, ಅಲ್ಲಿಯ ಹುಡುಗರೆಲ್ಲ ಮಾಡುವ ಮಿಲಿಟರಿ ಸೇವೆ ಮುಗಿಸಿದ, ಕಂಪ್ಯೂಟರ್ ಕೆಲಸಕ್ಕೆ ಕೆಲವು ತಿಂಗಳು ಹೋಗಿ ಬಿಟ್ಟುಬಂದ. ಆಮೇಲೆ ಕಾರಿನ ಒಳಗನ್ನು ಶುಚಿ ಮಾಡುವ ಕೆಲಸ ಹಿಡಿದ. ಆಂಗ್ ಮೋ ಕಿಯೋ ಎಂಬ ಬಡಾವಣೆಯಲ್ಲಿ ಕಾರು ರಿಪೇರಿಯವರೇ ತುಂಬಿರುವ ಒಂದು ಕಟ್ಟಡವಿದೆ. ಅದರಲ್ಲಿ ಒಂದು ಗಾಡಿ ನಿಲ್ಲುವಷ್ಟು ಜಾಗ ಬಾಡಿಗೆಗೆ ಹಿಡಿದು ಅದನ್ನು ಅಂಗಡಿ ಎಂದ.

ಅಳಿಯನಿಗೆ ಇದು ಸಹಿಸಲಾಗಲಿಲ್ಲ. ಊಟದ ಮೇಜಿನ ಮುಂದೆ ಒಂದು ದಿನ ಕೇಳಿದ. “ಮೈಸೂರಿಂದ ನಮ್ಮಪ್ಪ ಫೋನ್ ಮಾಡಿದ್ರೆ ಏನಂತ ಹೇಳ್ಲಿ? ನಿಮ್ಮ ಮೊಮ್ಮಗ ಸೀಟ್ ಒರೆಸ್ತಾನೆ ಅಂತ್ಲಾ?”

“ಒರೆಸೋದಲ್ಲ ಅಪ್ಪ. ಡೀಟೇಲಿಂಗ್.”

“ಇಂಗ್ಲಿಷಲ್ಲಿ ಹೆಸರಿಟ್ಟ ತಕ್ಷಣ ಕೈಯಲ್ಲಿರೋ ಬಟ್ಟೆ ಲ್ಯಾಪ್‌ಟಾಪ್ ಆಗೋಗತ್ತಾ?”

ಅಲ್ಲಿಂದ ಮುಂದೆ ಅಪ್ಪ ಮಗ ನೇರವಾಗಿ ಮಾತಾಡುವುದು ನಿಂತಿತು. ಅವನು ಹೇಳಬೇಕಾದ್ದನ್ನು ನನ್ನ ಮಗಳು ಈ ಕೋಣೆಯಿಂದ ಆ ಕೋಣೆಗೆ ಹೊತ್ತಳು, ಇವನದನ್ನು ಆ ಕೋಣೆಯಿಂದ ಈ ಕೋಣೆಗೆ ತಂದಳು. ಹೀಗೆ ಹೊತ್ತು ಹೊತ್ತು ಕೊನೆಗೆ ಒಂದು ಒಪ್ಪಂದಕ್ಕೆ ಬಂದರು. ಒಬ್ಬ ಚೀನೀ ಅಂಕಲ್ ತನ್ನ ಗಾಡಿಯನ್ನು ಶುಚಿ ಮಾಡಲು ಮೊಮ್ಮಗನಿಗೆ ಕೊಡಲು ಒಪ್ಪಿದ್ದ. ಓಟಕ್ಕೆಂದೇ ಮಾಡಿದ ಗಾಡಿ ಅದು. ಭಾನುವಾರ ಬಂದರೆ ಅವನೂ ಅವನ ಸ್ನೇಹಿತರೂ ಅಂಥ ಗಾಡಿಗಳನ್ನು ಮಲೇಷ್ಯಾ ಕಡೆ ಓಡಿಸಿಕೊಂಡು ಹೋಗುತ್ತಿದ್ದರು. ಇದೊಂದು ಚೆನ್ನಾಗಾದರೆ ಆ ಸ್ನೇಹಿತರ ಗಾಡಿಗಳೂ ಮೊಮ್ಮಗನ ಹತ್ತಿರ ಬರುತ್ತವೆ, ಅಂಗಡಿ ಉಳಿಯುತ್ತದೆ, ಅಪ್ಪ ಮತ್ತೆ ಅದರ ಮಾತೆತ್ತುವುದಿಲ್ಲ. ಕೆಟ್ಟರೆ ಜಾಗ ಬಿಟ್ಟು, ಅಪ್ಪ ಗೊತ್ತುಮಾಡಿದ ಕಂಪನಿಗೆ ಇಂಟರ್‌ವ್ಯೂಗೆ ಹೋಗಬೇಕು. ಒಪ್ಪಂದ ಅಷ್ಟೇ.

ಹಗಲೆಲ್ಲ ಮನೆಯಲ್ಲಿ ಒಬ್ಬಳೇ ಇರುತ್ತಿದ್ದೆನಾದ್ದರಿಂದ ಮೊಮ್ಮಗನ ಜೊತೆ ನಾನೂ ಅಂಗಡಿಗೆ ಹೋಗುತ್ತಿದ್ದೆ. ಅವನು ತೊಳೆದ ಬಿಳಿ ಬಟ್ಟೆಗಳನ್ನು ಮಡಿಸುವುದು ನನ್ನ ಕೆಲಸ. ಅಕ್ಕಪಕ್ಕದ ಅಂಗಡಿಯವರು “ಆಂಟಿ, ಈಟ್ ಆಲ್ರೆಡಿ?” ಎಂದು ಕೇಳುತ್ತಿದ್ದರು. ನಾನು ತಲೆ ಆಡಿಸುತ್ತಿದ್ದೆ. ಅಷ್ಟೇ ನನ್ನ ಇಂಗ್ಲಿಷು.

ಆ ಗಾಡಿ ನೆಲಕ್ಕೆ ಅಂಟಿಕೊಂಡ ಹಾಗಿತ್ತು. ಒಳಗೆ ಕೂರಬೇಕಾದರೆ ರುಬ್ಬುವ ಕಲ್ಲಿನ ಮುಂದೆ ಕೂರುವ ಹಾಗೆ ತಗ್ಗಬೇಕು. ಸೀಟು, ಸ್ಟೀರಿಂಗು, ಬಾಗಿಲ ಒಳಮೈ ಎಲ್ಲಕ್ಕೂ ಬೂದಿ ಬಣ್ಣದ ಒಂದು ಬಟ್ಟೆ ಹೊದಿಸಿದ್ದರು. ನೋಡಲು ಚರ್ಮ, ಆದರೆ ಚರ್ಮವಲ್ಲ. ಮುಟ್ಟಿದರೆ ಎಳೆಗರುವಿನ ಕಿವಿ. ಒಂದು ಕಡೆಗೆ ಸವರಿದರೆ ತಿಳಿಯಾಗುತ್ತಿತ್ತು, ಹಿಂದಕ್ಕೆ ಸವರಿದರೆ ಕಪ್ಪಾಗುತ್ತಿತ್ತು. ಅಂಕಲ್‌ನ ಕೈ ಬೆವರಿಗೆ ಸ್ಟೀರಿಂಗಿನ ರೋಮವೆಲ್ಲ ಮಲಗಿ ಜಿಡ್ಡಾಗಿತ್ತು. ಅವನ ಜೀನ್ಸ್ ಪ್ಯಾಂಟಿನ ನೀಲಿ ಸೀಟಿಗೆ ಹತ್ತಿತ್ತು.

“ಇದಕ್ಕೊಂದು ಬಕೆಟ್ ಸೋಪಿನ ನೀರು ಹುಯ್ದು ಉಜ್ಜೋದಲ್ವೇನೋ?” ಎಂದೆ.

“ಅಯ್ಯೋ ಅಜ್ಜಿ, ಹಂಗೆ ಮಾಡಿದ್ರೆ ಫಿನಿಶ್ ಲಾ! ನೀರು ಜಾಸ್ತಿ ಆಗ್ಬಾರ್ದು. ಉಜ್ಜಬಾರ್ದು. ಬಿಸಿ ಗಾಳಿ ಬಿಡಬಾರ್ದು.”

“ಮತ್ತೆ ಮಾಡೋದಾದ್ರೂ ಏನು, ಮುದ್ದು ಮಾಡೋದಾ?”

“ಹೌದು, ಅದೇ.”

ನಿಜವಾಗಿಯೂ ಅದೇ. ಮೊದಲು ಧೂಳು ಹೀರಿದ. ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, ಹಿಂಡಿ, ಒದ್ದೆಯೋ ಒಣಗಿದ್ದೋ ತಿಳಿಯದಷ್ಟು ಹಿಂಡಿ, ಅಂಚಿನಿಂದ ಒಳಕ್ಕೆ ಒತ್ತುತ್ತಾ ಬಂದ. ಬಣ್ಣದ ಬಟ್ಟೆಯಾದರೆ ಅದರ ಬಣ್ಣ ಇದಕ್ಕೆ ಹತ್ತುತ್ತದಂತೆ. ಒತ್ತಿದ ಮೇಲೆ ಬಟ್ಟೆಯ ಮಗ್ಗುಲು ಬದಲಿಸುತ್ತಿದ್ದ. ಒಣಗಿದ ಮೇಲೆ ಮೆತ್ತನೆಯ ಬ್ರಶ್ಶಿನಲ್ಲಿ ರೋಮ ಎಬ್ಬಿಸುತ್ತಿದ್ದ, ಎಮ್ಮೆಕರುವಿಗೆ ಮೈ ಉಜ್ಜುವವರ ಹಾಗೆ. ನಾವು ಮನೆಯಲ್ಲಿ ನೆಲವನ್ನೂ ಅಷ್ಟು ಜೋಪಾನವಾಗಿ ಒರೆಸಿಲ್ಲ, ಮಕ್ಕಳನ್ನೂ ಒರೆಸಿಲ್ಲ. ಆ ಕೆಲಸ ಕೆಲವು ದಿನ ಹಿಡಿಯಿತು. ನೀಲಿ ಹೋಯಿತು. ಜಿಡ್ಡು ಹೋಯಿತು. ಕೊನೆಗೆ ಆಯುಧಪೂಜೆಯ ದಿನ ಬೆಳಿಗ್ಗೆ ಬೇಗ ಹೋಗಿ, ಕಲೆ ಹಿಡಿಯದ ಹಾಗೆ ಕಾಯುವ ಒಂದು ಔಷಧಿಯನ್ನು ಮಂಜು ಬಿದ್ದ ಹಾಗೆ ತೆಳ್ಳಗೆ ಸಿಂಪಡಿಸಿದ. ಬಟ್ಟೆ ಅದನ್ನು ಕುಡಿದು ಒಣಗುವ ತನಕ ಯಾರೂ ಮುಟ್ಟಬಾರದು. ಸಾಯಂಕಾಲ ಐದಕ್ಕೆ ಅಂಕಲ್ ಬರುವವನಿದ್ದ.

ಪೂಜೆ ಮೊಮ್ಮಗನ ಯೋಚನೆಯೇ. ಧೂಳು ಹೀರುವ ಯಂತ್ರಕ್ಕೆ, ಬ್ರಶ್ಶುಗಳಿಗೆ, ನಮ್ಮ ಮನೆತನದ ಪದ್ಧತಿಯಲ್ಲಿ ಹೂವಿಟ್ಟು ಕಾಯಿ ಒಡೆಯುವುದು. ಅಪ್ಪ ಬರುತ್ತಾನೆಂದು ಅವನೂ ಎಣಿಸಿರಲಿಲ್ಲ, ನಾನೂ ಎಣಿಸಿರಲಿಲ್ಲ. ಮಗಳು ಏನು ಹೇಳಿ ಹೊರಡಿಸಿದಳೋ, ಅಳಿಯ ಅರ್ಧ ದಿನ ರಜೆ ಹಾಕಿ, ರೇಷ್ಮೆ ಶಲ್ಯ ಹೊದ್ದು, ಹೂವಿನ ಚೀಲ ಹಿಡಿದು ಬಂದುಬಿಟ್ಟ. ಮೊಮ್ಮಗನ ಕಿವಿ ಕೆಂಪಾಯಿತು.

“ಎಲ್ಲೋ ನಿನ್ನ ಸಾಮಾನು? ತೋರ್ಸು,” ಎಂದ ಅಳಿಯ. ಮಗನ ಮುಖ ನೋಡಿ ಆಡಿದ ಮಾತು ಬಹಳ ದಿನದ ಮೇಲೆ ಅದು.

ಅಳಿಯನೇ ಮುಂದೆ ನಿಂತು ಮಂತ್ರ ಹೇಳಿದ. ಯಂತ್ರಕ್ಕೆ ವಿಭೂತಿ, ಕುಂಕುಮ, ಸೇವಂತಿಗೆ. ಕರ್ಪೂರದ ಹೊಗೆಗೆ ಪಕ್ಕದ ಟಯರ್ ಅಂಗಡಿಯವರು ಬಂದು ನಿಂತು ನೋಡಿದರು. ಕಾಯಿ ಒಡೆಯಲು ಒಳಗೆ ಜಾಗವಿಲ್ಲ ಎಂದು ಮೊಮ್ಮಗ ಅದನ್ನು ಹಿಡಿದು ಹೊರಗೆ ಮೋರಿಯ ಹತ್ತಿರ ಹೋದ. ಮಗಳು ನೀರಿನ ಚೊಂಬು ಹಿಡಿದು ಅವನ ಹಿಂದೆ ಹೋದಳು.

ಅಳಿಯ ತಿರುಗಿ ನೋಡಿದ. ಅಷ್ಟು ಚೆಂದದ ಗಾಡಿ, ಹಣೆಗೆ ಒಂದು ಬೊಟ್ಟೂ ಇಲ್ಲದೆ ನಿಂತಿದೆ.

“ಇದೇನತ್ತೆ, ಬ್ರಶ್ಶಿಗೆ ಪೂಜೆ, ಗಾಡಿಗಿಲ್ವಾ?” ಎಂದ. ನಗುತ್ತಾ ಹೇಳಿದ.

ಬಾನೆಟ್ಟಿಗೆ ಇಡುತ್ತಾನೆ ಎಂದುಕೊಂಡೆ. ಇಟ್ಟ. ಆಮೇಲೆ ಬಾಗಿಲು ತೆಗೆದ. ನಾನು “ಮುಟ್ಟಬಾರ್ದಂತೆ” ಎಂದೆ. ನನ್ನ ಗಂಟಲಿನಿಂದ ಅದು ಎಷ್ಟು ಹೊರಟಿತೋ ದೇವರಿಗೆ ಗೊತ್ತು. ಅವನು ಮಂತ್ರದಲ್ಲಿದ್ದ. ಗಂಧದ ಬಟ್ಟಲಿಗೆ ಮೂರು ಬೆರಳು ಅದ್ದಿ ಸ್ಟೀರಿಂಗಿಗೆ ಮೂರು ಗೆರೆ ಎಳೆದ. ನೀರು ಕಲಸಿದ ಕುಂಕುಮವನ್ನು ಉಂಗುರದ ಬೆರಳಲ್ಲಿ ತೆಗೆದು ನಡುವೆ ಒತ್ತಿದ. ಒತ್ತುವುದೂ ಅವನಿಗೆ ಅಭ್ಯಾಸ. ಊರಲ್ಲಿದ್ದಾಗ ಅವನು ಕೊಂಡ ಎಲ್ಲ ಗಾಡಿಗಳ ಸ್ಟೀರಿಂಗಿಗೂ ಹಾಗೇ ಇಟ್ಟಿದ್ದ. ಅವೆಲ್ಲ ಒರೆಸಿದರೆ ಹೋಗುವ ಸ್ಟೀರಿಂಗುಗಳು. ಕೈ ಹಿಂದಕ್ಕೆ ತೆಗೆಯುವಾಗ ಒಂದು ತೊಟ್ಟು ಸೀಟಿನ ಮೇಲೂ ಬಿತ್ತು.

ಮೊಮ್ಮಗ ಒಡೆದ ಕಾಯಿ ಹಿಡಿದು ಒಳಗೆ ಬಂದ. ನೋಡಿದ. ಕಾಯಿಯ ನೀರು ಅವನ ಮೊಣಕೈಯಿಂದ ಇಳಿಯುತ್ತಿತ್ತು.

ಅಳಿಯ ಅವನ ಭುಜದ ಮೇಲೆ ಕೈ ಇಟ್ಟ. “ಗಾಡಿಗೂ ಮಾಡ್ದೆ ಕಣೋ. ಒಳ್ಳೇದಾಗ್ಲಿ. ನೀನು ಹಿಡಿದ ಕೆಲಸ ಚೆನ್ನಾಗಿ ನಡೀಲಿ.”

ಆ ಹುಡುಗ ಏನು ಹೇಳಬೇಕು? ನೀವೇ ಹೇಳಿ. ಎಷ್ಟೋ ತಿಂಗಳಿಂದ ಆ ಒಂದು ಮಾತಿಗೆ ಕಾದಿದ್ದವನು. “ಥ್ಯಾಂಕ್ಸ್ ಅಪ್ಪ,” ಎಂದ. ಬಗ್ಗಿ ಕಾಲು ಮುಟ್ಟಿದ. ಬಗ್ಗಿದಾಗ ನನ್ನನ್ನು ನೋಡಿದ. ಆ ನೋಟ ನನಗೆ ಬೇಡವಾಗಿತ್ತು.

ಸಾಯಂಕಾಲ ಬರುತ್ತೇನೆ, ನಿನ್ನ ಅಂಕಲ್‌ನನ್ನು ನಾನೂ ನೋಡಬೇಕು ಎಂದು ಹೇಳಿ ಅಳಿಯ ಆಫೀಸಿಗೆ ಹೋದ. ಮಗಳೂ ಹೋದಳು.

ಅವರ ಬೆನ್ನು ಮರೆಯಾದದ್ದೇ ತಡ ಹುಡುಗ ಬಿಳಿ ಬಟ್ಟೆ ಹಿಡಿದು ಗಾಡಿಯೊಳಗೆ ಬಿದ್ದ. ಒತ್ತಿದ, ಬಟ್ಟೆ ಮಗ್ಗುಲು ಬದಲಿಸಿದ, ಒತ್ತಿದ. ಗಂಧ ಮೇಲಕ್ಕೆ ಬಂತು. ಕುಂಕುಮ ಬರಲಿಲ್ಲ. ಮೊದಲು ಕೆಂಪು ಬೊಟ್ಟಾಗಿದ್ದದ್ದು ಗುಲಾಬಿಯಾಗಿ ಅಗಲವಾಯಿತು. ಔಷಧಿ ಇನ್ನೂ ಹಸಿಯಾಗಿದ್ದಾಗ ಬಿದ್ದದ್ದಕ್ಕೆ ಬಣ್ಣ ಅದರ ಜೊತೆಗೇ ಒಳಗಿಳಿದಿದೆ ಎಂದ.

“ಬಿಸಿಲಿಗಿಡೋ. ಅರಿಶಿನದ ಕಲೆ ಬಿಸಿಲಿಗೆ ಹೋಗತ್ತೆ.”

“ಇದು ಅರಿಶಿನ ಅಲ್ಲ ಅಜ್ಜಿ, ಡೈ. ಪ್ಯಾಕೆಟ್ ಕುಂಕುಮ.”

“ನಿಂಬೆಹುಳಿ?”

“ಅಜ್ಜಿ ಪ್ಲೀಸ್. ಪ್ಲೀಸ್ ಸುಮ್ನಿರಿ.”

ಕವುಚಿದ ಬಕೆಟ್ಟಿನ ಮೇಲೆ ಕೂತು ಬಟ್ಟೆ ಮಡಿಸಿದೆ. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದೆ. ಹಾಲು ಕಟ್ಟಿ ಕೆಚ್ಚಲು ಬಾತ ಹಸುವಿಗೆ, ಬಿದ್ದು ಕೈ ಮುರಿದ ಮಗುವಿಗೆ, ಏನೋ ಒಂದು ಮಾಡಿ ಬದುಕಿದವಳು ನಾನು. ಒಂದು ಗಾಲಿಯಷ್ಟು ಬಟ್ಟೆಗೆ ಏನೂ ಮಾಡಲು ತೋಚಲಿಲ್ಲ. ಪಕ್ಕದ ಟಯರ್ ಅಂಗಡಿಯ ಮುದುಕ ಬಂದು ಇಣುಕಿ, ನಾಲಿಗೆ ಲೊಚಗುಟ್ಟಿ, ನನಗೊಂದು ಕಿತ್ತಳೆ ಹಣ್ಣು ಕೊಟ್ಟು ಹೋದ. ಮೊಮ್ಮಗ ಫೋನಿನಲ್ಲಿ ಯಾರು ಯಾರನ್ನೋ ಕೇಳಿದ. ಒಬ್ಬೊಬ್ಬರು ಒಂದೊಂದು ಹೇಳಿದರು. ಜಾಸ್ತಿ ಒತ್ತಿದರೆ ರೋಮ ಉದುರುತ್ತದೆ ಎಂದು ಕೊನೆಗೆ ಕೈ ಬಿಟ್ಟ. ಸೀಟಿನ ತೊಟ್ಟು ಹೆಚ್ಚುಕಡಿಮೆ ಹೋಗಿತ್ತು. ಸ್ಟೀರಿಂಗಿನ ನಡುವೆ, ಕಣ್ಣಿಗೆ ನೇರವಾಗಿ, ಹಳೆಯ ಗಾಯದಂಥ ಗುಲಾಬಿ ಉಳಿಯಿತು.

ಐದಕ್ಕೆ ಮುಂಚೆ ಅಳಿಯ ಮಗಳು ಬಂದರು. ಕೈಯಲ್ಲಿ ಮೈಸೂರು ಪಾಕಿನ ಡಬ್ಬ. ಅಂಕಲ್‌ಗೆ ಕೊಡುವುದಕ್ಕಂತೆ. ಮೊಮ್ಮಗ ಏನೂ ಹೇಳುವ ಮೊದಲೇ ಅಂಕಲ್ ಬಂದ. ಚಡ್ಡಿ, ಚಪ್ಪಲಿ, ಬೋಳುತಲೆ, ಸೌಮ್ಯ ಮುಖ. ಎಲ್ಲರಿಗೂ ತಲೆಬಗ್ಗಿಸಿದ. ಒಳಗೆ ಕೂತ. ಸೀಟು ಸವರಿ “ವಾ, ಸೋ ಕ್ಲೀನ್” ಎಂದ. ಆಮೇಲೆ ಕೈ ಸ್ಟೀರಿಂಗಿಗೆ ಹೋಯಿತು. ಅಲ್ಲೇ ನಿಂತಿತು.

“ಬಾಯ್, ದಿಸ್ ಒನ್ ವಾಟ್ ಹ್ಯಾಪನ್ ಆ?”

ಅಳಿಯ ಆಗ ನೋಡಿದ. ಅವನಿಗೆ ತಿಳಿಯಿತು. ತಿಳಿದದ್ದು ಅವನ ಕತ್ತಿನ ನರದಲ್ಲಿ ನನಗೆ ಕಂಡಿತು.

“ಸಾರಿ ಅಂಕಲ್. ಮೈ ಮಿಸ್ಟೇಕ್,” ಎಂದ ಮೊಮ್ಮಗ.

ಆ ಎರಡು ಮಾತು ನನಗೂ ಗೊತ್ತು. ಅಳಿಯ ಬಾಯಿ ತೆರೆದ. ಈಗ ಹೇಳುತ್ತಾನೆ ಎಂದುಕೊಂಡೆ. ಡಬ್ಬವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. ನಾನು ಎದ್ದು ಹೋಗಿ ಅಂಕಲ್ ಮುಂದೆ ನಿಂತೆ. “ಅವನಲ್ಲ ಕಣಪ್ಪ, ಅವನಲ್ಲ ಮಾಡಿದ್ದು,” ಎಂದೆ, ಕನ್ನಡದಲ್ಲಿ. ಇನ್ನು ಯಾವುದರಲ್ಲಿ ಹೇಳಲಿ? ಅವನು ನಕ್ಕು “ಹಲೋ ಆಂಟಿ” ಎಂದ. ಮಗಳು ನನ್ನ ಕೈ ಹಿಡಿದು ಹಿಂದಕ್ಕೆ ಎಳೆದಳು. ಅವಳ ಉಗುರು ಚುಚ್ಚಿತು.

ಅಂಕಲ್ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಏನೋ ಹೇಳಿ, ಹುಡುಗನ ಬೆನ್ನು ತಟ್ಟಿ, ಗಾಡಿ ತೆಗೆದುಕೊಂಡು ಹೊರಟ. ಅದರ ಸದ್ದು ಕಟ್ಟಡದ ಇಳಿಜಾರಿನಲ್ಲಿ ಸುತ್ತಿ ಸುತ್ತಿ ಇಳಿಯಿತು.

“ಏನಂದನೋ?”

“ಪರವಾಗಿಲ್ಲ ಅಂದ್ರು ಅಜ್ಜಿ.”

“ಪರವಾಗಿಲ್ಲ ಅಂದ್ರೆ ನಿನ್ನ ಮುಖ ಯಾಕೆ ಹಿಂಗಿದೆ?”

“ಫ್ರೆಂಡ್ಸ್‌ಗೆ ಸದ್ಯಕ್ಕೆ ಹೇಳಲ್ವಂತೆ. ಇನ್ನೂ ಸ್ವಲ್ಪ ಕಲೀ ಅಂದ್ರು.”

ಅಂಗಡಿ ಮುಚ್ಚಿ ಬಸ್ ಸ್ಟಾಪಿಗೆ ಬಂದೆವು. ಅಲ್ಲಿ ಅಳಿಯ ಶುರು ಮಾಡಿದ. “ಒಂದು ಬೊಟ್ಟು ತಡೆಯದ ಬಟ್ಟೇನ ಗಾಡಿಗೆ ಹಾಕ್ತಾರಲ್ಲ, ಅವರಿಗೆ ಬುದ್ಧಿ ಇಲ್ಲ. ಅಂಥವರನ್ನ ನಂಬ್ಕೊಂಡು ಜೀವನ ಮಾಡಕ್ಕಾಗತ್ತಾ?” ಆಮೇಲೆ ದನಿ ತಗ್ಗಿಸಿ, “ನಾಳೆ ವಿಜಯದಶಮಿ. ಒಳ್ಳೇ ದಿನ. ನಾಳೇನೇ ಬರ್ತಾನೆ ಅಂತ ಕಂಪನೀಗೆ ಹೇಳ್ತೀನಿ. ಏನೋ?”

“ಸರಿ ಅಪ್ಪ,” ಎಂದ ಹುಡುಗ.

ಅಳಿಯನಿಗೂ ಸಂಕಟವಿತ್ತು ಎಂದು ಮಗಳು ಆಮೇಲೆ ನನಗೆ ಹೇಳಿದಳು. ಇತ್ತೇನೋ. ಸಂಕಟ ನನ್ನಲ್ಲೂ ಇತ್ತು, ಅದರಿಂದ ಆ ಹುಡುಗನಿಗೇನು ಬಂತು? ಮಾಡಿದ್ದು ನೀನು ಎಂದು ಅಳಿಯನಿಗೆ ಹೇಳಲು ಬಸ್ಸಿನಲ್ಲಿ ದಾರಿಯುದ್ದಕ್ಕೂ ಮಾತು ಹೊಂದಿಸಿದೆ. ಇಳಿಯುವಾಗ ಅವನೇ ನನ್ನ ತೋಳು ಹಿಡಿದು, “ಅತ್ತೆ, ನೋಡ್ಕೊಂಡು, ಮೆಟ್ಲು,” ಎಂದ. ಆ ಕೈ ಹಿಡಿದೇ ಇಳಿದೆ.

ಮಾರನೆಯ ಬೆಳಿಗ್ಗೆ ಮೊಮ್ಮಗ ಪೆಟ್ಟಿಗೆಯ ತಳದಿಂದ ಆಫೀಸಿನ ಬಿಳಿ ಶರಟು ತೆಗೆದು ಹಾಕಿಕೊಂಡ. ಗುಂಡಿ ಕೂರಲಿಲ್ಲ. ಬಗ್ಗಿ, ಒತ್ತಿ, ಬ್ರಶ್ ಆಡಿಸಿ ಅವನ ಭುಜ ಎದೆ ಎಲ್ಲ ಅಗಲವಾಗಿತ್ತು. “ಬಿಚ್ಚಿ ಕೊಡು,” ಎಂದೆ. ಅಡುಗೆಮನೆಯ ಕಿಟಕಿಯ ಹತ್ತಿರ ಬೆಳಕಿಗೆ ಕೂತೆ. ಎರಡೂ ಪಕ್ಕದ ಹೊಲಿಗೆ ಬಿಚ್ಚಿದೆ. ಒಳಗೆ ಮಡಚಿದ ಬಟ್ಟೆ ಎಷ್ಟಿತ್ತೋ ಅಷ್ಟನ್ನೂ ಹೊರಕ್ಕೆ ಬಿಟ್ಟು, ಕೈಯಲ್ಲೇ ಮತ್ತೆ ಹೊಲಿದು, ಇಸ್ತ್ರಿ ಹಾಕಿ ಕೊಟ್ಟೆ.