ಲೇಬಲ್ ಕೆಳಗಿನ ತೂತು

ರಾಯದುರ್ಗದಲ್ಲಿ ನಮ್ಮದು ಜೀನ್ಸ್ ಹೊಲಿಯುವ ಮನೆ. ಗುಮ್ಮಘಟ್ಟದ ಕಡೆ ಕುರಿ ಮಾರಿ ಇಲ್ಲಿಗೆ ಬಂದಾಗ ಮಿಷನ್ ಮುಂದೆ ಕೂತ ಅವ್ವ ಇನ್ನೂ ಎದ್ದಿಲ್ಲ. ನಾನು ಓದಿ ಹಿಡಿದದ್ದು ನೆಲದಡಿಯ ಕೆಲಸ. ಕಾರ್ಖಾನೆಯ ಹೊಗೆಯಿಂದ ಇಂಗಾಲದ ಡೈಆಕ್ಸೈಡನ್ನು ಬೇರ್ಪಡಿಸಿ, ಕಿಲೋಮೀಟರಿಗೂ ಹೆಚ್ಚು ಆಳದ ಮರಳುಗಲ್ಲಿನೊಳಗೆ ಒತ್ತಿ ತುಂಬುತ್ತಾರೆ. ಎಷ್ಟು ಒತ್ತಿದರೆ ಮೇಲಿನ ಮುಚ್ಚಳದ ಬಂಡೆ ತಡೆದೀತು ಎಂದು ಕಂಪ್ಯೂಟರಿನಲ್ಲಿ ಮಾದರಿ ಕಟ್ಟಿ ಹೇಳುವವಳು ನಾನು.

ಆ ವಾರ ಮನೆಯಲ್ಲೇ ಕೂತು ಕೆಲಸ ಮಾಡುತ್ತಿದ್ದೆ. ಅನಿಲ ತುಂಬಲಿದ್ದ ಒಂದು ಜಾಗದ ವರದಿಗೆ ನನ್ನ ಸಹಿ ಬೇಕಿತ್ತು. ಆ ಜಾಗದ ಮುಚ್ಚಳದ ಬಂಡೆಯಲ್ಲಿ ಹಳೆಯ ಬಿರುಕೊಂದಿತ್ತು. ಕಂಪನಿಯವರು ಕೇಳಿದಷ್ಟು ಒತ್ತಡ ಹಾಕಿದರೆ ಅದು ಜಾರಿ, ಅನಿಲ ಮೇಲಕ್ಕೆ ಸೋರುತ್ತದೆ ಎಂದು ನನ್ನ ಮಾದರಿ ಹೇಳುತ್ತಿತ್ತು. ಮೇಲೆ ಒಂದು ಊರಿದೆ, ಊರಿಗೆ ಬಾವಿಗಳಿವೆ.

ಮೇಲಧಿಕಾರಿ ಫೋನ್ ಮಾಡಿದರು. "ಸಣ್ಣ ಬಿರುಕು ಅದು, ಮಾದರಿಯಿಂದ ತೆಗೆದುಬಿಡಿ. ನಾಳೆ ಸಹಿ ಬೇಕು. ನಿಮ್ಮ ಕಾಂಟ್ರಾಕ್ಟೂ ಮುಗೀತಾ ಬಂತಲ್ಲ."

ಫೋನಿಟ್ಟಾಗ ಅವ್ವ ಮಿಷನ್ ನಿಲ್ಲಿಸಿದ್ದಳು. "ಯಾಕ, ಏನಂತಾರ?" ಎಲ್ಲ ಹೇಳಿದೆ.

ಅವಳಿಗೂ ಹೀಗೇ ಒಮ್ಮೆ ಆಗಿತ್ತು. ಜೇಬು ಸೊಟ್ಟ ಬಿದ್ದು, ಹೊಲಿಗೆ ಬಿಚ್ಚಿ ಮತ್ತೆ ಹೊಲಿದ ಪ್ಯಾಂಟುಗಳು. ಹಳೆಯ ಸೂಜಿತೂತುಗಳು ಸಾಲಾಗಿ ಉಳಿದಿದ್ದವು. ಮೇಲೊಂದು ಲೇಬಲ್ ಹೊಲಿ, ಯಾರಿಗೂ ಕಾಣಲ್ಲ ಎಂದ ಹೊಲಿಗೆ ಕೊಡುತ್ತಿದ್ದ ಮಾಲೀಕ. "ತೂತು ಕಾಣಲ್ರಿ, ಆದ್ರ ಹೋಗಲ್ರಿ. ವಾಷಿಂಗಿಗೆ ಹಾಕಿದ್ರ ಅಲ್ಲೇ ಹರೀತೈತಿ" ಎಂದು ಅವ್ವ ಪ್ಯಾಂಟಿನ ಗಂಟು ಅವನ ಮುಂದೆ ಇಟ್ಟು ಬಂದಳು. ಅವನು ಕೆಲಸ ಕೊಡುವುದನ್ನು ನಿಲ್ಲಿಸಿದ. ಇವಳು ಬೇರೆ ಕಡೆ ಹೊಲಿದಳೇ ಹೊರತು ಅವನ ಬಾಗಿಲಿಗೆ ಹೋಗಲಿಲ್ಲ.

ಈಗ ನನ್ನನ್ನೇ ದುರುಗುಟ್ಟಿ ನೋಡಿದಳು. "ಲೇಬಲ್ ಹಚ್ಚಾಕ ಇಷ್ಟು ಓದಬೇಕಿತ್ತೇನು?"

ನಾನು ಲೇಬಲ್ ಹಚ್ಚುವವಳೇ ಎಂದು ಸಿಟ್ಟು ನೆತ್ತಿಗೇರಿತು. ಆದರೂ ಹೆದರಿಕೆ ಇರಲಿಲ್ಲ ಎಂದರೆ ಸುಳ್ಳು. ಬಿರುಕು ಸೇರಿಸಿದ ಲೆಕ್ಕ, ಬಿಟ್ಟ ಲೆಕ್ಕ ಎರಡನ್ನೂ ಪರಿಶೀಲನಾ ಸಮಿತಿಯ ಎಲ್ಲರಿಗೂ ಮೇಲ್ ಮಾಡಿದೆ. ಒತ್ತಡ ಇಳಿಸದಿದ್ದರೆ ಸಹಿ ಇಲ್ಲ, ಬೇಕಾದರೆ ನನ್ನ ಹೆಸರು ತೆಗೆಯಿರಿ ಎಂದು ಬರೆದೆ.

ತೆಗೆದರು. ಕಾಂಟ್ರಾಕ್ಟೂ ಹೋಯಿತು.

ಕೆಲವು ತಿಂಗಳಾದ ಮೇಲೆ ಗೆಳತಿಯೊಬ್ಬಳು ಆ ವರದಿ ಕಳಿಸಿದಳು. ನನ್ನ ಹೆಸರು ಎಲ್ಲೂ ಇರಲಿಲ್ಲ. ಒತ್ತಡದ ಮಿತಿ ಮಾತ್ರ ನಾನು ಹೇಳಿದ್ದಕ್ಕೇ ಇಳಿದಿತ್ತು. ಅದರಲ್ಲಿದ್ದ ಬಂಡೆಯ ಚಿತ್ರವನ್ನು ಅವ್ವನ ಮುಂದೆ ಹಿಡಿದೆ. ಅವಳು ಕನ್ನಡಕ ಸರಿಮಾಡಿಕೊಂಡು, ಬಿರುಕಿನ ಗೆರೆಯುದ್ದಕ್ಕೂ ಬೆರಳಾಡಿಸಿದಳು.

"ಹ್ಞಾಂ, ಕಾಣತೈತಿ" ಎಂದು ಮತ್ತೆ ಮಿಷನ್ ತುಳಿದಳು.