ವ್ಯಾನಿನ ಬಿಕ್ಕಳಿಕೆ

ನಮ್ಮ ಮನೆಯಲ್ಲಿ ನಾನು ಅಣಕಿಸದ ಜೀವ ಇಲ್ಲ. ಅಕ್ಕ ಫೋನಿನಲ್ಲಿ ಮಾತಾಡುವ ದನಿಗಳೆಲ್ಲ ನನಗೆ ಬಾಯಿಪಾಠ: ಅವಳು ಕಲಿಸುವ ಶಾಲೆಯ ಪ್ರಿನ್ಸಿಪಾಲರಿಗೆ ಜೇನು, ಊರಿನ ಅಮ್ಮನಿಗೆ ಅಳು, ಭಾವನಿಗೆ ಬರೀ ‘ಹೂಂ’. ಭಾವ ಸಲಹೆ ಕೊಡುವ ಮೊದಲು ಗಂಟಲು ಸರಿಮಾಡಿಕೊಳ್ಳುವ ಒಂದು ಕ್ರಮ ಉಂಟು. ಅದನ್ನು ನಾನು ಮಾಡಿದರೆ ಪಕ್ಕದ ಫ್ಲಾಟಿನವರು ಸಲಹೆಗೆ ಕಾಯುತ್ತಾರೆ. ನನ್ನನ್ನೂ ನಾನು ಬಿಟ್ಟಿಲ್ಲ. ಹಗಲೆಲ್ಲ ಆಫೀಸಿನಲ್ಲಿ ‘ಯೆಸ್ ಸರ್, ಟುಮಾರೋ ಸರ್, ಇನ್ಶಾ ಅಲ್ಲಾ ಸರ್’ ಎಂದು ಎ.ಸಿ. ರಿಪೇರಿಯವರ ಪರವಾಗಿ ಸುಳ್ಳು ಹೇಳುವ ಆ ಬಡಪಾಯಿಯ ದನಿ ತೆಗೆದರೆ ಅಕ್ಕ ಅನ್ನದ ಪಾತ್ರೆ ಕೆಳಗಿಟ್ಟು ನಗುತ್ತಾಳೆ.

ಭಾವನ ವ್ಯಾನೂ ನನ್ನ ಬಾಯಲ್ಲಿತ್ತು. ಊರು ಬಿಟ್ಟುಹೋಗುತ್ತಿದ್ದ ಯಾರೋ ಬಿಳಿಯನಿಂದ ಭಾವ ಕೊಂಡ ಹಳೇ ಡೀಸೆಲ್ ಕ್ಯಾಂಪರ್ ವ್ಯಾನ್ ಅದು. ಒಳಗೆ ಮಡಚುವ ಮಂಚ, ಅಂಗೈಯಗಲದ ಒಲೆ, ಪರದೆ ಸಮೇತ ಕಿಟಕಿ. ಕತಾರಿನ ಅಲ್ ವುಕೈರಿನಲ್ಲಿ ನಮ್ಮ ಕಟ್ಟಡದ ಎದುರು ನಿಂತರೆ, ಮದುವೆಮನೆಗೆ ಕರೆಯದೆ ಬಂದ ಅಜ್ಜನ ಹಾಗೆ ಕಾಣುತ್ತಿತ್ತು. ಆದರೆ ಭಾವನಿಗೆ ಅದು ಬರೀ ವ್ಯಾನ್ ಅಲ್ಲ. ಅವನು ಇಲ್ಲಿ ಬಾಳಿದ್ದೆಲ್ಲ ಬಾಡಿಗೆಯಲ್ಲಿ: ದೋಹಾ ಅಲ್ ಜದೀದಾದಲ್ಲಿ ಎಂಟು ಜನರ ಕೋಣೆಯ ಮೇಲಿನ ಮಂಚ, ಆಮೇಲೆ ಅಲ್ ಸದ್ದಿನಲ್ಲಿ ಕಿಟಕಿಯಿಲ್ಲದ ಒಂದು ರೂಮು, ಮದುವೆಯಾದ ಮೇಲೆ ಈ ಫ್ಲಾಟು. ಎಲ್ಲಿಯೂ ಗೋಡೆಗೆ ಮೊಳೆ ಹೊಡೆಯಲು ಯಜಮಾನನ ಪರ್ಮಿಶನ್ ಬೇಕು. “ಈ ದೇಶದಲ್ಲಿ ನನ್ನದು ಅಂತ ತಲೆಯ ಮೇಲೆ ಇರುವ ಮಾಡು ಇದೊಂದೇ ಮಾರಾಯ,” ಎಂದು ವ್ಯಾನಿನ ತಲೆ ತಟ್ಟುತ್ತಿದ್ದ. ಒಳಗೆ ಮೊದಲ ದಿನವೇ ಮೊಳೆ ಹೊಡೆದು ಕ್ಯಾಲೆಂಡರ್ ತೂಗಿಸಿದ್ದ.

ಜುಲೈ-ಆಗಸ್ಟಿನಲ್ಲಿ ಬರುವ ಇಲ್ಲಿಯ ಬೇಸಿಗೆ ರಜೆಗೆ ಊರಿಗೆ ಹೋಗಿಬಂದು, ಚಳಿ ಶುರುವಾಗುವ ಹೊತ್ತಿಗೆ ವ್ಯಾನನ್ನು ಮತ್ತೆ ರಸ್ತೆಗಿಳಿಸಿದೆವು. ಒಂದು ದಿನ ಊಟಕ್ಕೆ ಕೂತಾಗ ನಾನು ಅದರ ದನಿ ಹೊರಡಿಸಿದೆ. ಡುರ್ ಡುರ್ ಎಂದು ಶುರುವಾಗಿ, ಗೇರು ಬದಲಾಗಿ, ನಡುವೆ ಒಂದು ‘ಹಿಕ್’. ಭಾವ ತುತ್ತು ನಿಲ್ಲಿಸಿದ.

“ಮಧ್ಯದಲ್ಲಿ ಬಿಕ್ಕಿದ್ದು ಯಾಕೆ?”

“ನಾನು ಬಿಕ್ಕಿದ್ದಲ್ಲ ಭಾವ. ಅದು ಬಿಕ್ಕುವುದು.”

“ಸುಮ್ಮನೆ ಮಸಾಲೆ ಹಾಕಬೇಡ. ನನ್ನ ವ್ಯಾನ್ ನನಗೆ ಗೊತ್ತಿಲ್ವಾ?”

ಅಣಕಿಸುವವರ ಕಷ್ಟ ಇದು. ಕಿವಿಗೆ ಬಿದ್ದದ್ದನ್ನು ಬಾಯಿ ಮೊದಲು ಹೇಳಿಬಿಡುತ್ತದೆ, ತಲೆಗೆ ಸುದ್ದಿ ಆಮೇಲೆ ಹೋಗುತ್ತದೆ. ಬಿಕ್ಕಳಿಕೆ ಇತ್ತು ಎಂದು ನನಗೂ ಆಗಲೇ ಗೊತ್ತಾದದ್ದು. ಆದರೆ ಅಷ್ಟು ವರ್ಷ ತಮಾಷೆ ಮಾಡಿದವನ ಮಾತು ಯಾರು ನಂಬುತ್ತಾರೆ?

ನಂಬಿಸಿದ್ದು ವ್ಯಾನೇ. ಪರಿಚಯದವರ ನಿಶ್ಚಿತಾರ್ಥಕ್ಕೆ ಹೊರಟಿದ್ದೆವು. ದೊಡ್ಡ ರೌಂಡಬೌಟಿನಲ್ಲಿ ಸುತ್ತು ಬರುವಾಗ ಹಿಕ್, ಹಿಕ್, ಬಿಳಿ ಹೊಗೆ, ಆಮೇಲೆ ಮೌನ. ಹಿಂದೆ ಲ್ಯಾಂಡ್ ಕ್ರೂಸರುಗಳ ಹಾರನ್. ಅಕ್ಕ ಧರ್ಮಾವರಂ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿ ಒಳಗೆ ಬಿಟ್ಟು, ನನ್ನ ಜೊತೆ ವ್ಯಾನ್ ದೂಡಿದಳು. ಆ ದಿನ ಅವಳು ಬೈಯಲಿಲ್ಲ. ಅದೇ ಹೆದರಿಕೆ. ಮನೆಗೆ ಬಂದು ಕಾಲು ತೊಳೆದು ಹೇಳಿದಳು: “ಬರುವ ಶುಕ್ರವಾರ ಸೀಲೈನ್ ಬೀಚಿಗೆ ನಮ್ಮ ಮಾಳಿಗೆಯವರನ್ನೆಲ್ಲ ಕರೆದಿದ್ದೇನೆ. ಚಾ, ತಿಂಡಿ ಎಲ್ಲ ನಮ್ಮ ವ್ಯಾನಿಂದ ಅಂತ ಹೇಳಿ ಆಗಿದೆ. ದಾರಿಯಲ್ಲಿ ಇನ್ನೊಂದು ಸಲ ನಿಂತರೆ ಖಲಾಸ್. ಮಾರಿಬಿಡುವ.”

ಭಾವ ಗಂಟಲು ಸರಿಮಾಡಿಕೊಂಡ. ಸಲಹೆ ಮಾತ್ರ ಹೊರಗೆ ಬರಲಿಲ್ಲ.

ಮರುದಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಗ್ಯಾರೇಜಿಗೆ ಹೋದೆವು. ಮೆಕ್ಯಾನಿಕ್ ಮಲಯಾಳಿ, ವಯಸ್ಸಾದವರು, ಎಲ್ಲರೂ ‘ಇಕ್ಕ’, ಅಂದರೆ ಅಣ್ಣ, ಎನ್ನುವುದು. ವ್ಯಾನ್ ಅವರ ಎದುರು ಡಾಕ್ಟರನ್ನು ಕಂಡ ಹೊಟ್ಟೆನೋವಿನಂತೆ ಆಡಿತು. ಕೀ ತಿರುಗಿಸಿದ್ದೇ ತಡ, ಭಜನೆಯ ಹಾಗೆ ಒಂದೇ ಲಯದಲ್ಲಿ ಡುರ್ ಡುರ್. ಇಕ್ಕ ಕಿವಿ ಕೊಟ್ಟು ಕೇಳಿ, “ಪ್ರಾಬ್ಲಂ ಮಾಫಿ, ಏನೂ ತೊಂದರೆ ಇಲ್ಲ,” ಎಂದು ಕೈ ಒರೆಸಿಕೊಂಡರು. ಭಾವ ಹಿಂದಿ, ಮಲಯಾಳ, ಇಂಗ್ಲಿಷ್ ಮೂರನ್ನೂ ಬೆರೆಸಿ ವಿವರಿಸಿದ. ಅವರಿಗೆ ಅರ್ಥವಾದದ್ದು ಭಾವನಿಗೆ ದುಃಖ ಇದೆ ಎಂಬುದಷ್ಟೆ.

“ನೀನೇ ಮಾಡಿ ತೋರಿಸು,” ಎಂದ ಭಾವ ನನಗೆ. ತಲೆ ತಗ್ಗಿಸಿಯೇ ಹೇಳಿದ.

ಹುಟ್ಟಿದಂದಿನಿಂದ ನನಗೆ ಯಾರೂ ಹೀಗೆ ಹೇಳಿರಲಿಲ್ಲ. ನಿಲ್ಲಿಸು ಎಂದವರೇ ಎಲ್ಲ.

ಒಂದು ಹಳೇ ಟಯರಿನ ಮೇಲೆ ಕೂತು, ಕೈಯಲ್ಲಿ ಇಲ್ಲದ ಸ್ಟಿಯರಿಂಗ್ ಹಿಡಿದು ಹೊರಟೆ. ಕಟ್ಟಡದ ಗೇಟು, ರಸ್ತೆಯ ಹಂಪು, ಹಂಪು ಹಾರಿದ್ದಕ್ಕೆ ಅಕ್ಕನ ‘ಅಯ್ಯೋ’. ನೇರ ರಸ್ತೆಯಲ್ಲಿ ವ್ಯಾನ್ ಸಾಧು. ರೌಂಡಬೌಟ್ ಬಂತು, ನಾನು ಟಯರಿನ ಮೇಲೆ ವಾಲಿದೆ, ಹಿಕ್. ಮತ್ತೆ ನೇರ, ಸಾಧು. ಇನ್ನೊಂದು ರೌಂಡಬೌಟ್, ವಾಲಿದೆ, ಹಿಕ್ ಹಿಕ್. ಪಕ್ಕದ ಕಾರುಗಳ ಅಡಿಯಿಂದ ಕೆಲಸಗಾರರು ಸರಿದು ಹೊರಗೆ ಬಂದು ನೋಡುತ್ತಿದ್ದರು. ಕೊನೆಗೆ ಹೊಗೆ ಬಿಟ್ಟು ಸತ್ತೆ.

“ಒನ್ನುಕೂಡಿ,” ಎಂದರು ಇಕ್ಕ, ನಗದೆ. ಇನ್ನೊಮ್ಮೆ.

ಇನ್ನೊಮ್ಮೆ ಸತ್ತೆ.

“ತಿರುವಿನಲ್ಲಿ ಮಾತ್ರವಾ? ನೇರ ಹೋಗುವಾಗ ಇಲ್ಲವಾ?”

ನಾನು ಹೌದು ಎನ್ನುವ ಮೊದಲೇ ಭಾವ ಹೇಳಿದ: “ತಿರುವಿನಲ್ಲಿ ಮಾತ್ರ. ಇವನು ಸುಳ್ಳು ಹಾಕುವುದಿಲ್ಲ.”

“ಹಾಗಾದರೆ ಟ್ಯಾಂಕಿಯಲ್ಲಿ ಏನೋ ತುಳುಕುತ್ತಾ ಉಂಟು,” ಎಂದು ಇಕ್ಕ ವ್ಯಾನಿನ ಅಡಿಗೆ ಹೋದರು. ಡೀಸೆಲ್ ಫಿಲ್ಟರಿನ ತಳದಲ್ಲಿ ಒಂದು ಪುಟ್ಟ ಸ್ಕ್ರೂ ಇರುತ್ತದೆ. ಅದನ್ನು ಸಡಿಲಿಸಿ ಬಂದದ್ದನ್ನು ಗಾಜಿನ ಬಾಟಲಿಗೆ ಹಿಡಿದು ಬಿಸಿಲಿಗೆ ಎತ್ತಿದರು. ಗಂಜಿಯ ಮೇಲೆ ತಿಳಿ ನಿಂತಂತೆ, ಮೇಲೆ ಹಳದಿ ಡೀಸೆಲ್. ಕೆಳಗೆ ಕಾಲು ಬಾಟಲಿಯಷ್ಟು ನೀರು.

“ನೀರು ಯಾರು ಹಾಕಿದ್ದು?” ಭಾವ ಸೀದಾ ನನ್ನ ಮುಖ ನೋಡಿದ. ನಂಬಿಕೆಯ ಆಯುಷ್ಯ ಅಷ್ಟೇ ಇತ್ತು.

ಇಕ್ಕ ಕೇಳಿದರು, “ರಜೆಗೆ ಹೋಗುವಾಗ ಟ್ಯಾಂಕಿ ಎಷ್ಟಿತ್ತು?”

ಭಾವನ ಮುಖದಲ್ಲಿ ಹೆಮ್ಮೆ ಕಂಡಿತು. “ತಳದಲ್ಲಿ ಸ್ವಲ್ಪ. ಎಲ್ಲ ಖಾಲಿ ಮಾಡಿಯೇ ಹೋದದ್ದು.”

ರಜೆಗೆ ಮೊದಲು ಮನೆ ಖಾಲಿ ಮಾಡುವುದು ನಮ್ಮವರ ಶಾಸ್ತ್ರ. ಕೊನೆಯ ವಾರ ಫ್ರಿಜ್ಜಿನಲ್ಲಿರುವುದೇ ಊಟ: ಒಂದು ದಿನ ಮೊಟ್ಟೆ, ಒಂದು ದಿನ ಮೀನಿನ ತಲೆ, ಕೊನೆಗೆ ಉಪ್ಪಿನಕಾಯಿ. ಅಕ್ಕ ಫ್ರಿಜ್ ಖಾಲಿ ಮಾಡಿದಳು, ಅದನ್ನು ಕಂಡು ಭಾವ ಟ್ಯಾಂಕಿಯನ್ನೂ ಖಾಲಿ ಮಾಡಿದ. ಹೊರಗೆ ಆಗಸ್ಟಿನ ಕತಾರ್, ಕನ್ನಡಕ ಹಾಕಿ ಬಾಗಿಲು ತೆರೆದರೆ ಗಾಜು ಮಂಜಾಗುವಷ್ಟು ಸೆಖೆ. ಮುಚ್ಚಳದ ರಬ್ಬರು ಬಿಸಿಲಿಗೆ ಬಿರಿದಿತ್ತು. ಖಾಲಿ ಟ್ಯಾಂಕಿಯ ಒಳಗೆ ಆ ತೇವ ದಿನಾ ಕೂತು, ಬೆವರಿ, ಹನಿಹನಿಯಾಗಿ ತಳ ಸೇರಿತ್ತು. ನಾವು ಊರಲ್ಲಿ ಮಳೆ ನೋಡುತ್ತಿದ್ದಾಗ ಇಲ್ಲಿ ವ್ಯಾನಿನ ಹೊಟ್ಟೆಯೊಳಗೂ ಮಳೆ.

“ಫ್ರಿಜ್ ಖಾಲಿ ಮಾಡಿ ಹೋಗಿ,” ಎಂದರು ಇಕ್ಕ, “ಟ್ಯಾಂಕಿ ತುಂಬಿಸಿ ಹೋಗಿ.” ಈ ಮಾತನ್ನು ಅವರದೇ ದನಿಯಲ್ಲಿ ನಾನು ಈಗಲೂ ಭಾವನಿಗೆ ಆಗಾಗ ಹೇಳುವುದುಂಟು.

ವ್ಯಾನ್ ಒಂದಿಡೀ ದಿನ ಗ್ಯಾರೇಜಿನಲ್ಲಿ ಅಲುಗದೆ ನಿಂತು, ನೀರೆಲ್ಲ ತಳಕ್ಕಿಳಿಯಿತು. ಆಮೇಲೆ ಟ್ಯಾಂಕಿಯ ತಳದ ಬೋಲ್ಟು ಬಿಚ್ಚಿದಾಗ ಮೊದಲು ಬಂದದ್ದು ತುಕ್ಕಿನ ಬಣ್ಣದ ನೀರು, ಮತ್ತೆ ಮಜ್ಜಿಗೆಯಂಥ ಕದಡು, ಕೊನೆಗೆ ತಿಳಿ ಡೀಸೆಲ್. ಭಾವ ಬಕೆಟಿನ ಪಕ್ಕ ಕುಕ್ಕರುಗಾಲಲ್ಲಿ ಕೂತು, ಹಾಲು ಕರೆಯುವವನನ್ನು ನೋಡುವ ಕರುವಿನ ಹಾಗೆ ನೋಡಿದ. ಕೊಳಕೆಲ್ಲ ಗ್ಯಾರೇಜಿನ ಹಳೇ ಆಯಿಲಿನ ಡ್ರಮ್ಮಿಗೆ ಹೋಯಿತು. ಹೊಸ ಫಿಲ್ಟರ್, ಮುಚ್ಚಳಕ್ಕೆ ಹೊಸ ರಬ್ಬರು, ಟ್ಯಾಂಕಿ ಕಂಠದವರೆಗೆ ಡೀಸೆಲ್.

ಶುಕ್ರವಾರ ಬೆಳಿಗ್ಗೆ ನೆರೆಯವರ ಕಾರುಗಳು ಹಿಂದೆ, ನಮ್ಮ ಅಜ್ಜ ವ್ಯಾನ್ ಮುಂದೆ. ಅಕ್ಕ ಮುಂದಿನ ಸೀಟಿನಲ್ಲಿ ಚಪ್ಪಲಿ ಬಿಚ್ಚಿ ಸಿದ್ಧವಾಗಿಯೇ ಕೂತಿದ್ದಳು. ಮೊದಲ ರೌಂಡಬೌಟಿನಲ್ಲಿ ಯಾರೂ ಉಸಿರಾಡಲಿಲ್ಲ. ವ್ಯಾನ್ ಸುತ್ತಿತು, ದಾಟಿತು. ಎರಡನೆಯದೂ ದಾಟಿತು. ಅಂದು ನಿಂತಿತ್ತಲ್ಲ, ಆ ದೊಡ್ಡ ರೌಂಡಬೌಟಿನ ನಟ್ಟನಡುವೆ ನನ್ನ ಬಾಯಿ ನನ್ನ ಮಾತು ಕೇಳಲಿಲ್ಲ.

“ಹಿಕ್.”

ಭಾವನ ಬೆನ್ನು ಸೆಟೆದು ನಿಂತಿತು. ಅಕ್ಕನ ಕೈ ಬಾಗಿಲಿಗೆ ಹೋಯಿತು. ವ್ಯಾನ್ ಮಾತ್ರ ಡುರ್ ಡುರ್ ಎಂದು ಹೋಗುತ್ತಲೇ ಇತ್ತು. ಅಕ್ಕ ನಿಧಾನವಾಗಿ ಹಿಂದೆ ತಿರುಗಿದಳು. ಬಿಚ್ಚಿಟ್ಟ ಚಪ್ಪಲಿ ಹೀಗೆ ಉಪಯೋಗಕ್ಕೆ ಬಂತು.

ಸಮುದ್ರದ ಎದುರು ಭಾವ ತನ್ನ ಅಂಗೈ ಒಲೆಯಲ್ಲಿ ಚಾ ಕಾಯಿಸಿ, ಒಬ್ಬೊಬ್ಬರನ್ನೂ ಒಳಗೆ ಕರೆದು ಮೊಳೆ ತೋರಿಸಿದ. ನೆರೆಯವರು ಮೊಳೆಯಲ್ಲಿ ಏನು ನೋಡಬೇಕೆಂದು ತಿಳಿಯದೆ ಕ್ಯಾಲೆಂಡರ್ ಹೊಗಳಿದರು. “ವ್ಯಾನ್ ಮಾಡು,” ಎಂದು ಮಕ್ಕಳು ನನಗೆ ಗಂಟುಬಿದ್ದರು. ಮಾಡಿದೆ. ಯಾರೂ ನಗಲಿಲ್ಲ. ಬಿಕ್ಕಳಿಕೆ ಹೋದ ಮೇಲೆ ಅದರಲ್ಲಿ ಕಾಮಿಡಿಯೇ ಉಳಿದಿರಲಿಲ್ಲ.

ವಾಪಸು ಹೊರಡುವಾಗ ಅಕ್ಕ ಕೈ ಚಾಚಿದಳು. “ಕೀ ಕೊಡಿ.”

ಆ ವ್ಯಾನಿನ ಸ್ಟಿಯರಿಂಗನ್ನು ಅವಳು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ಭಾವ ಗಂಟಲು ಸರಿಮಾಡಿಕೊಂಡು, ಅವಳ ಮುಖ ನೋಡಿ, ನುಂಗಿಕೊಂಡ. ಅವಳು ಸೀಟು ಮುಂದೆಳೆದು, ಕನ್ನಡಿ ಸರಿಮಾಡಿ, ಹೊರಟಳು. ಆ ದೊಡ್ಡ ರೌಂಡಬೌಟಿಗೆ ಬಂದು ಪೂರ್ತಿ ಒಂದು ಸುತ್ತು ಹಾಕಿದಳು.

“ನಮ್ಮ ಎಕ್ಸಿಟ್ ಹೋಯ್ತಲ್ಲ,” ಎಂದ ಭಾವ.

“ಗೊತ್ತುಂಟು,” ಎಂದಳು ಅಕ್ಕ, ಮತ್ತು ಇನ್ನೊಂದು ಸುತ್ತಿಗೆ ಸ್ಟಿಯರಿಂಗ್ ತಿರುಗಿಸಿದಳು.