ಎರಡು ಸಲ ಹಾಕಿದ ಆಸಿಡ್

ಮಳೆ ಬರುತ್ತಿತ್ತು ಎಂದು ಬರೆದು ಹೊಡೆದುಹಾಕಿದೆ, ಯಾಕೆಂದರೆ ಮಳೆ ಬಂದ ದಿನ ನಮ್ಮಲ್ಲಿ ರಬ್ಬರ್ ಟ್ಯಾಪಿಂಗ್ ಇಲ್ಲ, ಮರದ ಹಾಲಿಲ್ಲದೆ ಅತ್ತೆಯೊಡನೆ ಆ ಜಗಳವೂ ಇಲ್ಲ. ಹಾಗಾದರೆ ನನಗೆ ಕಾಣುತ್ತಿರುವ ಒದ್ದೆ ಅಂಗಳ ಯಾವ ದಿನದ್ದು? ಇರಲಿ. ಬಿಸಿಲಿತ್ತು ಎಂದಿಟ್ಟುಕೊಳ್ಳುತ್ತೇನೆ.

ಮುಂಡಾಜೆಯ ನಮ್ಮ ಮನೆಯಲ್ಲಿ ರಬ್ಬರ್ ಹಾಲನ್ನು ಡಿಶ್‌ಗಳಿಗೆ ಹೊಯ್ದು, ಆಸಿಡ್ ಹಾಕಿ ಹೆಪ್ಪುಗಟ್ಟಿಸುವುದು ನನ್ನ ಕೆಲಸ. ಮರುದಿನ ಅದನ್ನು ಮೆಷಿನಿಗೆ ಕೊಟ್ಟು ಶೀಟ್ ಮಾಡುವವರು ಅತ್ತೆ. ಆ ದಿನ ಅರ್ಧ ಸಾಲಿಗೆ ಆಸಿಡ್ ಹಾಕಿದಾಗ ಫೋನ್ ಬಂತು. ಮಾತಾಡುತ್ತಾ ಕೋಳಿ ಓಡಿಸಿದೆ, ಕೋಳಿಯ ಹಿಂದೆ ಹೋದವಳು ಒಣಗಿದ ಬಟ್ಟೆ ತೆಗೆದೆ. ತಿರುಗಿ ಬಂದರೆ ಎಲ್ಲಿಯವರೆಗೆ ಹಾಕಿದ್ದೆನೆಂದೇ ತಿಳಿಯಲಿಲ್ಲ. ಮೊದಲಿನಿಂದ ಹಾಕಿದೆ. ಮರುದಿನ ಎರಡು ಸಲ ಆಸಿಡ್ ಬಿದ್ದ ಹೆಪ್ಪು ಚಪ್ಪಲಿಯಷ್ಟು ಗಟ್ಟಿ. ಮೆಷಿನಿನ ಹಿಡಿ ತಿರುಗಲಿಲ್ಲ.

ಹೀಗಾದದ್ದು ಮೊದಲ ಸಲವೇನಲ್ಲ. ಇನ್ನು ಆಸಿಡ್ ನಾನೇ ಹಾಕುತ್ತೇನೆ, ನೀನು ಒಳಗೆ ಕೂತುಕೋ ಎಂದರು ಅತ್ತೆ. ಬೈದಿದ್ದರೆ ಸಹಿಸುತ್ತಿದ್ದೆ. ಕೆಲಸ ಕೈತಪ್ಪಿದರೆ ಈ ಮನೆಯಲ್ಲಿ ನಾನು ಬರೀ ನೆಂಟರ ಹಾಗೆ.

ನನಗಿರುವುದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ, ಎಂದು ಡಾಕ್ಟರು ಹೇಳಿ ಆಗ ಹೆಚ್ಚು ದಿನವಾಗಿರಲಿಲ್ಲ. ಮನೆಯಲ್ಲಿ ಅದನ್ನು ಪಾಠದಂತೆ ಒಪ್ಪಿಸಿದ್ದೆ. ಮಕ್ಕಳ ಕಾಯಿಲೆ ನಿನಗೆ ಈ ವಯಸ್ಸಿಗೆ ಬಂತಾ ಎಂದು ಗಂಡ ನಕ್ಕಿದ್ದರು. ಅತ್ತೆಯದು ಒಂದೇ ಮಾತು: ಉದಾಸೀನ. ಸೋಮಾರಿತನಕ್ಕೆ ನಮ್ಮ ಕಡೆ ಅದೇ ಹೆಸರು.

ಆ ಗಟ್ಟಿ ಹೆಪ್ಪನ್ನು ಹಿಡಿದುಕೊಂಡೇ ಕೇಳಿದೆ: "ಉದಾಸೀನ ಆಗಿದ್ರೆ ಎರಡು ಸಲ ಯಾಕೆ ಹಾಕ್ತೇನೆ ಅತ್ತೆ? ಉದಾಸೀನದವಳು ಒಂದು ಸಲವೂ ಹಾಕ್ಲಿಕ್ಕಿಲ್ಲ."

ಅತ್ತೆ ಹಿಡಿಯಿಂದ ಕೈ ತೆಗೆದರು.

"ಹೌದಲ್ಲ," ಎಂದರು. "ಡಬಲ್ ಕೆಲಸ ಮಾಡಿ ಬೈಸಿಕೊಳ್ಳುವ ಉದಾಸೀನದವಳನ್ನು ನಾನೂ ಕಂಡಿಲ್ಲ."

ಮರುದಿನ ಆಸಿಡಿನ ಬಾಟಲಿ ನನ್ನ ಕೈಗೇ ಬಂತು. ಜೊತೆಗೆ ಒಂದು ಹಿಡಿ ರಬ್ಬರ್ ಎಲೆ. ಆಸಿಡ್ ಹಾಕಿದ ಡಿಶ್‌ನ ಪಕ್ಕ ಒಂದು ಎಲೆ ಇಡಬೇಕು, ಆಮೇಲೆ ಬೇಕಾದರೆ ಕೋಳಿ ಓಡಿಸಲು ಚಾರ್ಮಾಡಿ ಘಾಟಿಗೇ ಹೋಗು ಎಂದರು. ಶೀಟುಗಳು ಚೆನ್ನಾಗಿ ಬರತೊಡಗಿದವು. ರಬ್ಬರ್ ಕೊಳ್ಳುವ ಅಂಗಡಿಯವರು ಅವನ್ನು ಬೆಳಕಿಗೆ ಹಿಡಿದು ನೋಡಿ ತಲೆಯಾಡಿಸಿದಾಗ ನಾನು ಸ್ಕೂಟರಿನಲ್ಲಿ ಹಾಡುತ್ತಾ ಬಂದೆ.

ಆದರೆ ನಾನು ಗೆದ್ದದ್ದು ಬೆಳುವಾಯಿಯಿಂದ ನಾದಿನಿ ಬಂದ ದಿನ. ನಾನು ಚಹಾ ಇಡಲು ಒಳಗೆ ಹೋಗಿ, ಇಡದೆ ತೋಟದಲ್ಲಿದ್ದೆ. ಅತ್ತಿಗೆಯ ಮಂಡೆ ಎಲ್ಲಿ ಉಂಟು ಎಂದು ಅವಳು ತಮಾಷೆ ಮಾಡುತ್ತಿದ್ದುದು ಕೇಳಿಸಿತು. ಅತ್ತೆ ಮಗಳಿಗೆ ಹೇಳಿದರು:

"ಅದು ಉದಾಸೀನ ಅಲ್ಲ ಮಾರಾಯ್ತಿ. ಅವಳ ಮಂಡೆ ಓಡ್ತದೆ. ನಾವು ಒಂದು ಕೂಗು ಹಾಕ್ಬೇಕು, ಅಷ್ಟೆ."

ನಂತರ ನನ್ನ ಹೆಸರು ಹಿಡಿದು ಕೂಗಿದರು. ಒಳಗೆ ಬಂದರೆ ಗಂಡ ಆಗಲೇ ಒಲೆಯ ಮೇಲೆ ಚಹಾದ ನೀರಿಟ್ಟಿದ್ದರು, ಈ ಸಲ ನಗದೆ.

ಅತ್ತೆಗೆ ಎಡಿಎಚ್‌ಡಿ ಅರ್ಥವಾಯಿತೋ, ಮಗಳೆದುರು ಸುಮ್ಮನೆ ನನ್ನ ಪರ ನಿಂತರೋ, ನನಗೆ ಗೊತ್ತಿಲ್ಲ. ಕೇಳಿಲ್ಲ.